ಹನ್ನೊಂದರ ಬಸ್ಸಿಗೆ ಮೊಗ್ಗು

ಮಣಿಪಾಲದ ಮೂರನೇ ಮಹಡಿ, ಕತ್ತಲೆ ಕೋಣೆ.
ಇಲಿಮರಿಯ ಒಂದು ನರಕೋಶ
ಗಾಜಿನ ಮೇಲೆ ಹನ್ನೆರಡು ದಿನದ ಹಿಂದೆ ಬೇರೂರಿದ್ದು.
ಅದರ ಕವಲೊಳಗೆ ಕೆಂಪು ಚುಕ್ಕಿಗಳು ಹೊರಟಿವೆ.
ಹೊರಟಿವೆ ಅನ್ನುವುದು ದೊಡ್ಡ ಮಾತು.
ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ,
ಆಮೇಲೆ ಏನೋ ಮರೆತು ಬಂದವರ ಹಾಗೆ
ನಡುದಾರಿಯಲ್ಲಿ ನಿಲ್ಲುತ್ತವೆ.

ಹತ್ತು ಸೆಕೆಂಡಿಗೊಂದು ಚಿತ್ರ.
ರಾತ್ರಿ ಎರಡೂವರೆ. ಎಸಿಯ ಚಳಿಗೆ ಅಮ್ಮನ ಹಳೆಯ ಶಾಲು.

ಒಂದೊಂದು ಚುಕ್ಕಿಯೂ ಆರ್‌ಎನ್‌ಎ ಪೊಟ್ಟಣ:
ಕೋಶದ ನಡುಮನೆಯಲ್ಲಿ ನಕಲಾದ ಮಾತು,
ಬಾಲದಲ್ಲಿ ವಿಳಾಸ, ಸುತ್ತ ಪ್ರೋಟೀನುಗಳ ನಾರು.
ಯಾರೂ ಓದದ ಹಾಗೆ ಹೋಗಬೇಕು
ದೂರದ ಯಾವುದೋ ಮುಳ್ಳಿನ ಬುಡಕ್ಕೆ
(ಒಟ್ಟು ದಾರಿ ಎರಡು ಕೂದಲೆಳೆಯ ಅಗಲ).
ಅಲ್ಲಿ ಆಚೆಯವರು ಕದ ತಟ್ಟಿದರೆ ಮಾತ್ರ
ಬಿಚ್ಚಿಕೊಳ್ಳಬೇಕು,
ಒಂದು ನೆನಪಿಗೆ ಬೇಕಾದ ಇಟ್ಟಿಗೆಯನ್ನು
ಅಲ್ಲಿಯೇ ಸುಟ್ಟುಕೊಳ್ಳಬೇಕು.

ಇದನ್ನು ಪುಸ್ತಕದಲ್ಲಿ ಓದಿದ್ದು ಆಮೇಲೆ.

ಶಂಕರಪುರದಲ್ಲಿ ಬೆಳಗಿನ ಐದೂವರೆಗೆ
ಅಮ್ಮ ಹಣೆಗೆ ಟಾರ್ಚು ಕಟ್ಟಿ ಮಲ್ಲಿಗೆಯ ಸಾಲಿಗಿಳಿಯುತ್ತಿದ್ದಳು.
ಕೊಯ್ಯುವುದು ಮೊಗ್ಗು, ಅರಳಿದ್ದಲ್ಲ.
ಎಂಟುನೂರಕ್ಕೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.
ಬಾಳೆಲೆ ಸುತ್ತಿ ನಾರಿನ ಗಂಟು ಹಾಕಿ
ರಿಕ್ಷಾದಲ್ಲಿ ಕಟಪಾಡಿಗೆ, ಅಲ್ಲಿಂದ ಹನ್ನೊಂದರ ಬಸ್ಸಿಗೆ.
ಕಂಡಕ್ಟರ್ ಶೀನಣ್ಣ ಒಂದೇ ಕೇಳುತ್ತಿದ್ದ:
‘ಸುರತ್ಕಲ್ಲಾ, ಮಂಗಳೂರಾ?’
ಒಳಗೇನೆಂದು ಕೇಳಿದವನಲ್ಲ.
ಸಂಜೆ ಯಾರದೋ ಜಡೆಯಲ್ಲಿ ಬಿರಿದರೆ ಅದಕ್ಕೆ ಬೆಲೆ.
ಪಡುಬಿದ್ರಿಯಲ್ಲೋ ಮೂಲ್ಕಿಯಲ್ಲೋ ಬಿರಿದದ್ದು
ಬಸ್ಸಿನವರಿಗೆ ಪುಕ್ಕಟೆ ಪರಿಮಳ.

ನನ್ನ ತಮ್ಮ ವಲ್ಲಿ,
ಇಗರ್ಜಿಯ ಪುಸ್ತಕದಲ್ಲಿ ವಲೇರಿಯನ್,
ಹೂ ಕಟ್ಟುವುದರಲ್ಲಿ ಅಮ್ಮನಿಗಿಂತ ಚುರುಕು.
ಎಣಿಸಲು ಬಾರದು, ಅದು ನನ್ನ ಕೆಲಸ.
ಹಾರ್ನು ಕೇಳಿದರೆ ಎರಡೂ ಕಿವಿ ಮುಚ್ಚುತ್ತಾನೆ,
ಆ ದೊಡ್ಡ ಕಿವಿ, ಅಂಗೈಯಲ್ಲಿ ಹಿಡಿಸುವುದಿಲ್ಲ.
‘ಬಸ್ ಹೋಯ್ತಾ, ಬಸ್ ಹೋಯ್ತಾ, ಬಸ್ ಹೋಯ್ತಾ’
ಉತ್ತರ ಕೊಟ್ಟ ಮೇಲೂ.
ಹಟ ಅಂದರು. ದೃಷ್ಟಿ ಅಂದರು.
ಬಸುರಿಯಲ್ಲಿ ಗ್ರಹಣ ನೋಡಿದ್ದಾಳೆ ಅಂದಳು ಪಕ್ಕದ ಮನೆ ಅಪ್ಪೋಲಿನ್ ಬಾಯಿ.

ಅವನ ಇಪ್ಪತ್ತಾರನೆಯ ವರ್ಷಕ್ಕೆ
ಒಂದು ಹಾಳೆಯ ರಿಪೋರ್ಟು ಬಂತು.
ಎಕ್ಸ್ ವರ್ಣತಂತುವಿನ ತುದಿಯಲ್ಲಿ ಮೂರಕ್ಷರದ ತೊದಲು,
ಇನ್ನೂರು ಸಲಕ್ಕೂ ಮಿಕ್ಕಿ.
ಅದರಿಂದಾಗಿ ಒಂದು ಪ್ರೋಟೀನು ಹುಟ್ಟಲೇ ಇಲ್ಲ,
ಪೊಟ್ಟಣದ ಜೊತೆ ಕೂತು ‘ಈಗ ಬೇಡ, ಇನ್ನೂ ಬೇಡ’ ಎನ್ನುವಂಥದ್ದು.
ಅದಿಲ್ಲದ ಕವಲುಗಳಲ್ಲಿ
ಕದ ತಟ್ಟುವ ಮೊದಲೇ ಎಲ್ಲ ಬಿರಿಯುತ್ತದೆ,
ಮುಳ್ಳುಗಳು ಬಲಿಯದೆ ಉದ್ದ ಬೆಳೆಯುತ್ತವೆ.

ಅಮ್ಮ ಹಾಳೆ ತಿರುವಿ ನೋಡಿದಳು. ಹಿಂಬದಿ ಖಾಲಿ.
‘ನನ್ನಿಂದ ಬಂದದ್ದಾ?’
ಹೌದು ಅನ್ನುವುದು ಪಾಠ.
ನಾನು ಮೊಗ್ಗು ಎಣಿಸುತ್ತ ಕೂತೆ,
ಏಳುನೂರ ಹದಿನಾಲ್ಕು, ಹದಿನೈದು...
ಆ ಉತ್ತರ ಈಗಲೂ ನನ್ನ ಹತ್ತಿರವೇ ಇದೆ, ಕಟ್ಟಿದ ಹಾಗೆ.
ನನ್ನದೇ ರಕ್ತದ ಲಕೋಟೆಯೂ ಇದೆ,
ಲ್ಯಾಬಿನ ಡ್ರಾಯರಿನಲ್ಲಿ, ಪೆನ್ನುಗಳ ಅಡಿ. ಒಡೆದಿಲ್ಲ.

ಬೆಳಗಾಗುತ್ತ ಬಂತು.
ಪರದೆಯ ಮೇಲೆ ಒಂದು ಚುಕ್ಕಿ
ಮುಳ್ಳೊಂದರ ಬುಡಕ್ಕೆ ಬಂದು ನಿಂತಿದೆ.
ನನ್ನ ಪಿಪೆಟ್ಟಿನ ತುದಿಯಲ್ಲಿ ಒಂದು ಹನಿ ಗ್ಲುಟಮೇಟ್,
ತಟ್ಟುವ ಬೆರಳು.
ಫೋನು ನಡುಗಿತು. ಮನೆಯಿಂದ.
ಗಿಡಗಳ ನಡುವಿನಿಂದ ಅಮ್ಮ ಏನೋ ಕೂಗುವುದು ಕೇಳುತ್ತಿದೆ.
‘ಬಸ್ ಹೋಯ್ತಾ, ಬಸ್ ಹೋಯ್ತಾ’

ಇಲ್ಲ ವಲ್ಲಿ.
ಇನ್ನೂ ಇಲ್ಲ.