ಲಾಭ, ಎರಡು, ಮೂರು

ಹದಿನೇಳನೇ ಚೀಲ ಬೆನ್ನ ಮೇಲಿತ್ತು,
ಚಡ್ಡಿ ಜೇಬಿನಲ್ಲಿ ಫೋನು ಅದುರಿತು.
ಲಾರಿಯ ಹಲಗೆ ಹತ್ತಿ, ಇಳಿಸಿ, ಟವೆಲಿನಲ್ಲಿ ಕಿವಿಯ ದೂಳು ಒರೆಸಿ
ಹಲೋ ಅಂದೆ.
ಕೊಟ್ರೇಶಿ ಬಿನ್ ದುರುಗಪ್ಪ ಅವರಾ?
ಅಷ್ಟು ಮರ್ಯಾದೆಯಿಂದ ಕರೆಯುವುದು ಫೈನಾನ್ಸಿನವರು ಮಾತ್ರ.
ಸಾಲ ಬೇಡ ಮೇಡಂ ಅಂದೆ.

ಸಾಲ ಅಲ್ಲವಂತೆ.
ನಾಲ್ಕು ವರ್ಷದ ಹಿಂದೆ, ದಾವಣಗೆರೆ ಯಾರ್ಡಿನ ಹಮಾಲರ ಶೆಡ್ಡಿನಲ್ಲಿ
ಕೆನ್ನೆಯೊಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿದ್ದರಲ್ಲ,
ಅದು.
ಗುಟ್ಕಾ ಕಂಡು ಆ ಹುಡುಗಿ, ಮೊದಲು ಬಾಯಿ ಮುಕ್ಕಳಿಸಿ ಬನ್ನಿ ಅಂದಿದ್ದಳು.
ನಾಚಿಕೆಗೆ ಮೂರು ಸಲ ಮುಕ್ಕಳಿಸಿದ್ದೆ.
ದಾದಾಪೀರ ಹೋಗಿದ್ದು ಬಿಸ್ಕೀಟಿಗೆ,
ನಾನು ಹೋಗಿದ್ದು ದಾದಾಪೀರನ ಹಿಂದೆ.
ನನ್ನ ಪುಣ್ಯದ ಕತೆ ಇಷ್ಟೇ.

ಹೊಂದಿದೆ, ಅಂದಳು. ಹತ್ತಕ್ಕೆ ಹತ್ತು.
ಹತ್ತಕ್ಕೆ ಹತ್ತು ನನಗೆ ಕಾಪಿ ಹೊಡೆದಾಗಲೂ ಬಂದಿರಲಿಲ್ಲ.
ಒಂಬತ್ತು ವರ್ಷದ ಹುಡುಗಿ. ಹೆಸರು ಹೇಳಲ್ಲ, ಊರು ಹೇಳಲ್ಲ.
ಒಡಹುಟ್ಟಿದವರಿಗೇ ನಾಲ್ಕರಲ್ಲಿ ಒಂದು ಪಾಲು ಹೊಂದಿದರೆ ಹೊಂದಿತಂತೆ.
ಮೊಳದುದ್ದ ಗೋಡೆಗೆ ಜಗಳ ತೆಗೆದು
ಆವರಗೆರೆಗೆ ಹೋಗಿ ಕೂತ ನನ್ನ ತಮ್ಮ ನೆನಪಾದ.
ಹಂಗಾದರೆ ಈ ಹುಡುಗಿ ನನಗೆ ಏನಾಗಬೇಕು?
ಅದಕ್ಕೊಂದು ಪದ ಹುಡುಕುತ್ತ ಹದಿನೆಂಟನೇ ಚೀಲ ಹೊತ್ತೆ.
ಸಿಗಲಿಲ್ಲ.

ಬೆನ್ನು ನನ್ನ ಬಂಡವಾಳ.
ಸೊಂಟದ ಮೂಳೆಗೆ ಸೂಜಿ ಇಳಿಸಿದ ಮೇಲೆ
ಅರವತ್ತು ಕೆಜಿ ಎಲ್ಲಿ ಊರಿ ನಿಲ್ಲಬೇಕು?
ದಾದಾಪೀರನನ್ನು ಕೇಳಿದೆ. ಅವನು ಮಾತಾಡದೆ
ಖರೀದಿದಾರರ ಮಾದರಿ ಕೊಳವೆ ತಂದ (ತುದಿ ಚೂಪು, ನಡುವೆ ಟೊಳ್ಳು),
ಮೆಕ್ಕೆಜೋಳದ ಚೀಲಕ್ಕೆ ಚುಚ್ಚಿ ಎಳೆದ.
ಅಂಗೈ ತುಂಬ ಹಳದಿ ಕಾಳು.
ಚೀಲ ಸೊರಗಲಿಲ್ಲ. ಉಗುರಿನಿಂದ ಗೋಣಿಯ ಎಳೆ ಎರಡು ಸಲ ಕೆರೆದ,
ತೂತು ಮುಚ್ಚಿಕೊಂಡಿತು.
ಚೀಲದಾಗೆ ಕಾಳು ಮತ್ತೆ ಬೆಳೆಯಲ್ಲ ಕಣೋ, ಅಂದೆ.
ನಿಂದು ಬೆಳೀತತಂತಲ್ಲ ಮಾರಾಯ, ಅಂದ.

ಮತ್ತೊಮ್ಮೆ ರಕ್ತ ನೋಡಬೇಕಂತ ಕರೆದರು.
ಮೊದಲ ಸೀಸೆ ತುಂಬುವಾಗ ಬಾಯಿಗೆ ತಾನೇ ಬಂತು: ಲಾಭ.
ಕಾಳು ಅಳೆಯುವಾಗ ನಾವು ಒಂದು ಅನ್ನುವುದಿಲ್ಲ.
ಅಪ್ಪ ಕಲಿಸಿದ್ದು. ಲಾಭ, ಎರಡು, ಮೂರು.
ಏನಂದ್ರಿ? ನರ್ಸು ತಲೆ ಎತ್ತಿದಳು.
ಏನಿಲ್ಲ ಮೇಡಂ, ಲೆಕ್ಕ.

ಅವ್ವನಿಗೆ ಹೇಳುವಾಗ ಎಡವಿದ್ದು ಒಂದು ಪದಕ್ಕೆ.
ಕಾಗದದಲ್ಲಿ ಇದ್ದಂಗೇ ಓದಿಬಿಟ್ಟೆ: ಅಸ್ಥಿಮಜ್ಜೆ.
ಅಸ್ಥಿ ಅಂದರೆ ಅವಳಿಗೆ ಅಪ್ಪ,
ಕೆಂಪು ಬಟ್ಟೆ ಬಿಗಿದ ಕುಡಿಕೆಯೊಳಗೆ,
ಹರಿಹರದ ಬಸ್ಸಿನಲ್ಲಿ, ನಾನು ಟಿಕೆಟ್ಟಿಗೆ ಚಿಲ್ಲರೆ ಹುಡುಕುವಾಗ
ಅವಳ ತೊಡೆ ಮೇಲೆ.
ಹೊಳೆಗೆ ಬಿಟ್ಟು ವಾಪಸು ಬರುವಾಗಲೂ
ಅವಳ ಎರಡು ಕೈ ಕುಡಿಕೆಯಷ್ಟೇ ದುಂಡಗೆ ಕೂತಿದ್ದವು.
ಬದುಕಿರೋನ ಅಸ್ಥಿ ಕೇಳ್ತಾರೇನೋ? ಅಂದಳು.
ಹೆಂಚಿನ ಮೇಲೆ ರೊಟ್ಟಿ ಸೀಯಿತು.

ಮೂರು ದಿನ ಮಾತಿಲ್ಲ.
ನಾಲ್ಕನೇ ದಿನ ಪಾತ್ರೆ ತೊಳೆಯುತ್ತ, ನಲ್ಲಿಗೆ ಕೇಳಿದಂತೆ,
ಯಾವೂರಂತೆ?
ಹೇಳಲ್ಲ.
ಯಾವ ಜನ?
ಅವರೂ ಕೇಳಿಲ್ಲ ಅವ್ವ.
ಎಷ್ಟನೇ ಕ್ಲಾಸು?
ಒಂಬತ್ತು ಅಂದರೆ ನಾಲ್ಕನೇದಿರಬೇಕು.
ಶಾಲೆಗೆ ಹೋಗ್ತಿದ್ದರೆ, ಅಂದಳು,
ಆಮೇಲೆ ಒಂದೇ ತಟ್ಟೆಯನ್ನು ಬಹಳ ಹೊತ್ತು ತಿಕ್ಕಿದಳು.

ರಾತ್ರಿ ಹರಳೆಣ್ಣೆ ಬೆಚ್ಚಗೆ ಮಾಡಿ ತಂದಳು. ಬೋರಲು ಮಲಗು.
ದಿನಾ ಉಜ್ಜುವ ಬೆನ್ನೇ.
ಇವತ್ತು ಕೈ ಹೆಗಲು ಬಿಟ್ಟು ಇಳಿದು, ಇಳಿದು,
ಸೊಂಟದ ಹಿಂದೆ ಎಲುಬು ಉಬ್ಬಿದ ಕಡೆ ನಿಂತಿತು.
ಇಲ್ಲೇನಾ?
ಇನ್ನೊಂಚೂರು ಕೆಳಗೆ.
ಹೆಬ್ಬೆರಳನ್ನು ಅಲ್ಲಿಟ್ಟು
ಒತ್ತದೆ ಕೂತಳು,
ಬಟ್ಟಲಿನ ಎಣ್ಣೆ ಆರುವ ತನಕ.