ಬರುವಾಗಿನ ಹನ್ನೆರಡು ಕಿಲೋಮೀಟರು

ಹೋಗುವಾಗ ನಾವಿಬ್ಬರೂ ಭಾರೀ ಗಟ್ಟಿಗರು.
ಗದಗು ದಾಟಿ ಕೊಪ್ಪಳದ ರಸ್ತೆ ಹಿಡಿದದ್ದೇ ತಡ
ಪೆಡಲು ತಾನೇ ಕಾಲಿಗೆ ಸಿಕ್ಕಿ ತಾನೇ ತಿರುಗಿತು.
ಹಾಲಿನ ಕ್ಯಾನಿನ ಕೊಕ್ಕೆಯಿದ್ದ ಕಾಕಾನ ಸೈಕಲ್ಲಿನ ಮೇಲೆ ಫಕ್ಕೀರೇಶ,
ಅವನ ತಂಗಿಗೆ ಶಾಲೆಯಲ್ಲಿ ಕೊಟ್ಟದ್ದರ ಮೇಲೆ ನಾನು,
ಮುಂದಿನ ಬುಟ್ಟಿಯಲ್ಲಿ ಬುತ್ತಿ,
ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತ.
"ದಮ್ಮು ಭಾಳ ಐತಲೇ ನಿಂದು" ಅಂದ.
ಹೌದೆಂದುಕೊಂಡೆ.

ಆಷಾಢದ ಗಾಳಿ ಬೆನ್ನಿಗಿತ್ತು.
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ,
ಗಾಳಿಯ ಲೆಕ್ಕ ಬರೆದೇ ಪಗಾರ ತಗೊಳ್ಳುವವರು.

ನಮ್ಮ ಮುಳಬಾಗಿಲಲ್ಲಿ ಟೈರಿಗೆ ಗಾಳಿ ಹೊಡೆಸುತ್ತೇವೆ,
ಇಲ್ಲಿ ಹವಾ ಹಾಕಿಸುತ್ತಾರೆ.
ಬಂದ ಹೊಸತರಲ್ಲಿ ಇಂಥವೇ ಕಾಲಿಗೆ ತೊಡರುತ್ತಿದ್ದವು.
ಮಾತಿನ ಕೊನೆಗೆ 'ರೀ' ಸಿಕ್ಕಿಸಲು ಕಲಿತದ್ದು ಮೂರನೇ ತಿಂಗಳು,
ಎಂಬತ್ತು ಮೀಟರಿನ ಕಂಬದ ತುದಿಯಲ್ಲಿ
ಬೆಲ್ಟಿನ ಕೊಕ್ಕೆ ಸಿಕ್ಕಿಸುವಷ್ಟೇ ಎಚ್ಚರದಿಂದ.

ಲಕ್ಕುಂಡಿಯಲ್ಲಿ ದೇವರಿಗಿಂತ ಮೊದಲು ಕಂಬ ಕಂಡಿತು.
ಕಂಡದ್ದೇ ಗೊತ್ತಾಯಿತು, ಇದು ತಿರುಗಿಸಿ ಕಡೆದದ್ದು.
ಕತ್ತಿನ ಸುತ್ತ ಎಳೆದ ಗೆರೆ
ಹೊರಟಲ್ಲಿಗೇ ಬಂದು ಸೇರಿತ್ತು, ಎಲ್ಲೂ ನಡುಗದೆ.
ಪ್ಯಾಂಟಿಗೆ ಅಂಗೈ ಒರೆಸಿಕೊಂಡೇ ಮುಟ್ಟಿದೆ,
ಗ್ರೀಸಿನ ಕೈಯ ಅಭ್ಯಾಸ.
"ಏನ್ ಹಿಡಕೊಂಡ್ ನಿಂತಿ?"
"ಅದುರುತ್ತಾ ನೋಡ್ತಿದ್ದೆ."
"ಮಷೀನ್ ಬಂದ್ ಆಗಿ ಸಾವಿರ ವರ್ಷಾತು, ಬಾ."

ಮುಸುಕಿನ ಬಾವಿಯ ಹತ್ತಿರ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು.
ರೊಟ್ಟಿ, ಹೆಸರುಕಾಳು, ಗುರೆಳ್ಳಿನ ಚಟ್ನಿ,
ಮಣ್ಣು ತೊಳೆದದ್ದೋ ಇಲ್ಲವೋ ಎಂಬ ಮೆಂತ್ಯದ ಸೊಪ್ಪು, ಹಸಿದೇ.
ಬಾವಿಯ ಮೆಟ್ಟಿಲು ಇಳಿದಷ್ಟೂ ಮಾತು ತಣ್ಣಗಾಗುತ್ತದೆ.
ಗೋಡೆಯ ಪುಟ್ಟ ಗುಡಿಗಳಲ್ಲಿ ಯಾರೂ ಇಲ್ಲ.
ಕೆಳಗೆ ಹಸಿರು ನೀರು, ನೀರಲ್ಲಿ ನಮ್ಮಿಬ್ಬರ ತಲೆ,
ಯಾವುದು ಯಾರದೆಂದು ಅಲ್ಲಾಡಿಸಿ ನೋಡಬೇಕು.

ಮೇಲೆ ಬಂದರೆ ಆಡು ಮೇಯಿಸುತ್ತಿದ್ದ ಅಜ್ಜಿ:
"ಯಾವೂರವಾ?" ಹೇಳಿದೆ.
"ನಿಮ್ಮೂರಾಗ ಕಲ್ಲಿಲ್ಲೇನೋ ತಮ್ಮಾ,
ಕಲ್ಲು ನೋಡಾಕ ಇಷ್ಟ್ ದೂರ ಬಂದಿ?"
ನಮ್ಮೂರಲ್ಲಿ ಕಲ್ಲು ಬಿಟ್ಟು ಮತ್ತೇನೂ ಇಲ್ಲ ಎನ್ನಲು ಹೊರಟು,
ಒಮ್ಮೆಲೇ ಊರಿನ ಮೇಲೆ ಪ್ರೀತಿ ಬಂದು
ಸುಮ್ಮನಾದೆ.

ಮೂರು ಗಂಟೆಗೆ ಸೈಕಲ್ಲು ತಿರುಗಿಸಿದೆವು.
ಆಗ ತಿಳಿಯಿತು ಬೆಳಗಿನ ದಮ್ಮು ಯಾರದೆಂದು.

ವಾರವೆಲ್ಲ ನಮಗೆ ಅನ್ನ ಹಾಕುವ ಗಾಳಿ
ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು,
ಗುರುತೇ ಇಲ್ಲದವರ ಹಾಗೆ.
ಹೆಸರಿನ ಹೊಲಗಳು ನಮ್ಮ ಕಡೆಗೇ ಬಾಗಿ
ಎಲೆಯ ಬಿಳಿ ಬೆನ್ನು ತೋರಿಸಿದವು.
ತುಳಿದರೂ ಅದೇ ಜಾಲಿಯ ಗಿಡ,
ಮತ್ತಷ್ಟು ತುಳಿದರೂ ಅದೇ.
ದೂರದ ಗುಡ್ಡದ ಮೇಲೆ ಪಂಕಗಳೆಲ್ಲ
ನಮಗೆ ಬೆನ್ನು ಹಾಕಿ ತಿರುಗುತ್ತಿದ್ದವು. ಒಂದು ನಿಂತಿತ್ತು.
ಇಬ್ಬರೂ ಕಂಡೆವು, ಇಬ್ಬರೂ ಕಾಣದಂತೆ ಮಾಡಿದೆವು.
ಸ್ವಲ್ಪ ಹೊತ್ತು ಬಿಟ್ಟು ಅವನೇ,
"ನಮ್ದಲ್ಲದು. ಬ್ಯಾರೆ ಕಂಪನೀದು."

ಬಿಂಕದಕಟ್ಟಿ ಇನ್ನೂ ದೂರವಿರುವಾಗ ನನ್ನ ಉಸಿರು ಸೀಳಿತು.
ಇಳಿದು ತಳ್ಳೋಣ ಅಂದೆ.
ಫಕ್ಕೀರೇಶ ಏನೂ ಅನ್ನದೆ ಮುಂದೆ ಬಂದ.
"ನನ್ನ ಗಾಲಿಗೆ ಹತ್ತಿ ಬಾ. ಗಾಳಿ ನಾ ತಿಂತೀನಿ."
ಅವನ ಅಂಗಿ ಉಬ್ಬಿ ಹೊಟ್ಟು ತುಂಬಿದ ಚೀಲವಾಯಿತು.
ಅದರ ಹಿಂದೆ, ಒಂದು ಮೊಳದ ಜಾಗದಲ್ಲಿ,
ಆಷಾಢವೇ ಇರಲಿಲ್ಲ.
ಕಲ್ಲಿನಿಂದ ಕಲ್ಲಿಗೆ ಪಾಳಿ ಮಾಡಿಕೊಂಡೆವು:
ಒಂದು ಅವನು ತಿಂದ, ಒಂದು ನಾನು.
ನನ್ನ ಪಾಳಿ ಗಿಡ್ಡ ಇತ್ತು. ಅವನು ಎಣಿಸಲಿಲ್ಲ,
ಅಥವಾ ಎಣಿಸಿ ಹೇಳಲಿಲ್ಲ.

ರಾತ್ರಿ ಖೋಲಿಯಲ್ಲಿ ಮಲಗಿದರೂ ಕಾಲು ತುಳಿಯುತ್ತಲೇ ಇತ್ತು.

ಸೋಮವಾರ, ಕಂಬದ ತುದಿ. ಮೀಟರು ನೋಡಿ ವಹಿಯಲ್ಲಿ ಬರೆದೆ:
ಗಾಳಿಯ ವೇಗ, ಸೆಕೆಂಡಿಗೆ ಒಂಬತ್ತು.
"ಒಂಬತ್ತs?" ಅಂದ ಫಕ್ಕೀರೇಶ,
ತೊಡೆ ತಿಕ್ಕಿಕೊಳ್ಳುತ್ತ.
"ಮತ್ತೊಮ್ಮೆ ನೋಡು."