ಮುಚ್ಚಳದ ಒಳಮೈ

ಮೂವತ್ತೊಂದು ವರ್ಷ
ಹಲಗೆಯ ಸಂದಿಗೆ ಹತ್ತಿ ತುರುಕಿದ ಕೈ ಇದು.
ಉಳಿ, ಕೊಡತಿ, ಕಾದ ಡಾಂಬರು.
ಎಂಬಿಟಾ ದಂಡೆಯಲ್ಲಿ ಯಾರನ್ನಾದರೂ ಕೇಳಿ:
ಓಬಿಯೆರೊ ಮುಚ್ಚಿದ ದೋಣಿಯಲ್ಲಿ
ಅಂಗಾಲು ಒದ್ದೆಯಾದರೆ ಅದು ಮೀನಿನಿಂದ.

ತಂಗಿಯ ಮಗಳು ಅಪೋಂಡಿ
ಕಿಸುಮುವಿನಿಂದ ಗೋಣಿಚೀಲ ಹೊತ್ತು ತಂದಳು.
ಸುರಿದಳು. ಕೆಟ್ಟ ಲ್ಯಾಪ್‌ಟಾಪುಗಳ ಕರುಳು,
ಮುರಿದ ಸ್ಕೂಟರುಗಳ ಕರುಳು,
ಹೆಬ್ಬೆರಳ ಗಾತ್ರದ ಸೆಲ್ಲುಗಳು, ಒಂದರಂತೆ ಇನ್ನೊಂದು.
"ಒಂದರಂತೆ ಇನ್ನೊಂದಿಲ್ಲ, ಮಾವ" ಎಂದಳು.
ವಾರವಿಡೀ ಒಂದೊಂದನ್ನೂ ತುಂಬಿಸಿ, ಬರಿದು ಮಾಡಿ,
ಮೈಮೇಲೆ ಮಾರ್ಕರಿನಲ್ಲಿ ಅಂಕಿ ಬರೆದಳು.
ಎರಡು ಸಾವಿರದ ನೂರು. ಸಾವಿರದ ಒಂಬೈನೂರ ನಲವತ್ತು.
ಬಿಸಿಯೇರಿದ್ದು ಆಚೆಗೆ.
ತೆರಕ್ಕೆ ಬಂದ ದನಗಳನ್ನು
ಬೀಗರೂ ಇಷ್ಟು ಸೋಸುವುದಿಲ್ಲ.

ಉಳಿದದ್ದು ನೂರಾ ಹನ್ನೆರಡು.
ಎಂಟೆಂಟು ಹೆಗಲು ಕೂಡಿಸಿ ಹದಿನಾಲ್ಕು ಸಾಲು.
ನಿಕ್ಕಲ್ ಪಟ್ಟಿಗೆ ವೆಲ್ಡರಿನ ಮೊನೆ ಒತ್ತಿದರೆ
ಟಿಕ್ ಅಂತ ಕಿಡಿ,
ಆಮೇಲೆ ಎರಡು ಚುಕ್ಕೆ, ಹಾವು ಕಚ್ಚಿದ ಗುರುತು.
"ಉಂಗುರ ತೆಗೆದಿಡು. ಲೋಹ ಕಂಡರೆ ಇವಕ್ಕೆ ಆಸೆ."
ತೆಗೆದೆ.
ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ತೆಗೆದಿರಲಿಲ್ಲ.

ಮುಚ್ಚುವ ಕೆಲಸ ಮಾತ್ರ ನನಗೆ ಬಿಡು, ಎಂದೆ.
ಪೆಟ್ಟಿಗೆಯ ಅಂಚಿಗೆ ರಬ್ಬರು, ರಬ್ಬರಿನ ಅಂಚಿಗೆ ಸಿಲಿಕೋನು,
ತಂತಿ ಹೊರಬರುವ ಕತ್ತಿಗೆ ಎಪಾಕ್ಸಿ.
ಹದಿನೆಂಟು ತಿರುಪು, ಎದುರುಬದುರು,
ಬಾಗಿ, ಹಾಡುತ್ತ, ಬಿಗಿಯುತ್ತ ಬಂದೆ.
ಡ್ರಮ್ಮಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ
ಒಂದು ಪೂರ್ತಿ ಹಗಲು ಕಾದೆವು.
ಒಂದು ಗುಳ್ಳೆ ಏಳಲಿಲ್ಲ.
ಅಂದು ನಾನು ಇಬ್ಬರ ಊಟ ಉಂಡೆ.

ದೋಣಿ ಸದ್ದಿಲ್ಲದೆ ಹೋಯಿತು.
ಒಮೆನಾ ಮೀನಿಗೆ ಲಾಂದ್ರ ತೇಲಿಸಿ ಕೂತ ಕತ್ತಲಲ್ಲಿ
ಪೆಟ್ರೋಲಿನ ಕೆಮ್ಮಿಲ್ಲ.
ಮುದುಕ ನ್ಯಾಂಗ್ವೆಸೊ ಮೊದಲ ಸಲ
ಮಗ ತನ್ನನ್ನು ಬಾಯೊಳಗೇ ಬೈಯುವುದು ಕೇಳಿಸಿಕೊಂಡ.

ಹತ್ತೊಂಬತ್ತನೆಯ ರಾತ್ರಿ, ನಡುನೀರಲ್ಲಿ, ನಿಂತಿತು.
ಹುಟ್ಟು ಹಾಕುತ್ತ ಬಂದರು.
ಅವರಿಗಿಂತ ಮೊದಲೇ ಮಾತು ದಂಡೆ ಮುಟ್ಟಿತ್ತು:
ಓಬಿಯೆರೊನ ಕೈ ಸೋರುತ್ತದಂತೆ.

ತಿರುಪು ಬಿಚ್ಚಿದೆ.
ರಬ್ಬರು ನೆಟ್ಟಗಿತ್ತು. ಸಿಲಿಕೋನು ನೆಟ್ಟಗಿತ್ತು.
ಎಪಾಕ್ಸಿಗೆ ಉಗುರು ಒತ್ತಿದರೆ ಉಗುರೇ ಬಗ್ಗಿತು.
ಮುಚ್ಚಳ ಮಗುಚಿದರೆ
ಒಳಮೈ ತುಂಬ ಹನಿ,
ಬಿಸಿ ಉಗಾಲಿಯ ಮೇಲೆ ಕವುಚಿಟ್ಟ ತಟ್ಟೆಯ ಹಾಗೆ.
ಕೆಳಗೆ ಬೋರ್ಡಿನ ಕಾಲಿಗೆ ಹಸಿರು ಕಿಲುಬು.

ಬೆರಳಿಗೆ ಒತ್ತಿ ನಾಲಿಗೆಗಿಟ್ಟೆ.
"ನೆಕ್ಕಬೇಡ!" ಅವಳು ಕೂಗುವಷ್ಟರಲ್ಲಿ ಆಗಿಹೋಗಿತ್ತು.
ಲೋಲ್ವೆಯ ನೀರು ನನಗೆ ಗೊತ್ತು:
ಪಾಚಿ, ಪೊರೆ, ಒಂದಿಷ್ಟು ಸೀಮೆಎಣ್ಣೆ.
ಇದಕ್ಕೆ ರುಚಿಯೇ ಇಲ್ಲ.

ಅಪೋಂಡಿ ಬಹಳ ಹೊತ್ತು ಸುಮ್ಮನಿದ್ದಳು.
"ಸರೋವರದ್ದಲ್ಲ ಇದು, ಮಾವ.
ನಾವು ಮುಚ್ಚಿದ ಮಧ್ಯಾಹ್ನ ಮಳೆ ನಿಂತು ಬೇಯುತ್ತಿತ್ತಲ್ಲ,
ಆ ಸೆಕೆಯನ್ನೂ ಸೇರಿಸಿ ಮುಚ್ಚಿದೆವು.
ರಾತ್ರಿ ನೀರು ಪೆಟ್ಟಿಗೆಯನ್ನು ತಣ್ಣಗೆ ಮಾಡಿದಾಗೆಲ್ಲ
ಅದು ಹೀಗೆ ಬಂದು ಕೂತಿದೆ."

ಆ ಸೆಕೆಯೊಳಗೆ
ನನ್ನ ಹಾಡೂ ಇತ್ತು. ಅವಳು ಹೇಳಲಿಲ್ಲ.

ತೂತು ಕೊರೆಯಬೇಕಂತೆ ಈಗ.
ನಾಣ್ಯದಗಲ. ಅದಕ್ಕೊಂದು ಬಿಳಿ ಪೊರೆ ಅಂಟಿಸಿದರೆ
ಗಾಳಿಗೆ ದಾರಿ, ನೀರಿಗಿಲ್ಲ.
ಅಂಥ ಚರ್ಮವೂ ಮಾಡುತ್ತಾರೆ ಯಾರೋ, ಎಲ್ಲೋ.
ಒಳಗೆ ಸಾಬುದಾನಿಯಂಥ ಕಾಳಿನ ಪೊಟ್ಟಣ.
ಮುಚ್ಚುವುದು ಮಾತ್ರ ಒಣ ಹವೆಯ ದಿನ.

ಡ್ರಿಲ್ಲು ಕೈಗೆ ಕೊಟ್ಟಳು.
ನಡುಗಿತು, ಡ್ರಿಲ್ಲೋ ಕೈಯೋ.
ಮೂವತ್ತೊಂದು ವರ್ಷಕ್ಕೆ
ನಾನೇ ಮಾಡಿದ ಮೊದಲ ತೂತು.

ಅಂಚಿನಲ್ಲಿ ನಿಂತ ಪುಡಿಯನ್ನು ಊದಲು
ಬಾಯಿ ತೆರೆದವನು
ತಡೆದು,
ಅಂಗಿಯ ತುದಿಯಿಂದ ಒರೆಸಿದೆ.